ದೆಹಲಿಯ ಸರ್ಕಾರಿ ಶಾಲೆ: ಐದರಿಂದ ಆರಕ್ಕೆ ದಾಟುವಾಗ

ನಮ್ಮ ಕಡೆ ಸರ್ಕಾರಿ ಶಾಲೆಯ ತಕರಾರಿದ್ದರೆ ಬಿಇಒ ಆಫೀಸಿಗೆ ಹೋಗಿ ಅಂತೀವಿ. ಒಂದನೇ ಕ್ಲಾಸಿಗೂ ಹತ್ತನೇ ಕ್ಲಾಸಿಗೂ ಅದೇ ಬಾಗಿಲು. ದೆಹಲಿಯಲ್ಲಿ ಹಾಗಲ್ಲ. ಅಲ್ಲಿ 5ನೇ ತರಗತಿವರೆಗಿನ ಹೆಚ್ಚಿನ ಶಾಲೆಗಳು ಮಹಾನಗರ ಪಾಲಿಕೆಯವು. 6ರಿಂದ 12ರವರೆಗೆ ದೆಹಲಿ ಸರ್ಕಾರದ ಶಿಕ್ಷಣ ನಿರ್ದೇಶನಾಲಯದವು. ಸರ್ವೋದಯ ಶಾಲೆಗಳು ಮಾತ್ರ 1ರಿಂದಲೇ ಸರ್ಕಾರದ ಕೈಯಲ್ಲಿವೆ.

ದುಡ್ಡಿನ ದಾರಿಯೂ ಬೇರೆ ಬೇರೆ. 2024-25ರ ದೆಹಲಿ ಬಜೆಟ್ 76,000 ಕೋಟಿ, ಅದರಲ್ಲಿ ಶಿಕ್ಷಣಕ್ಕೆ 16,396 ಕೋಟಿ. ಪಾಲಿಕೆಗೋ ಆಸ್ತಿ ತೆರಿಗೆ ಮತ್ತು ಸರ್ಕಾರದ ಅನುದಾನವೇ ಆಧಾರ. 2022ರಲ್ಲಿ ಮೂರು ಪಾಲಿಕೆಗಳು ಒಂದಾಗುವ ಮುಂಚೆ ಶಿಕ್ಷಕರ ಸಂಬಳ ತಿಂಗಳುಗಟ್ಟಲೆ ನಿಂತದ್ದುಂಟು.

ಫಲಿತಾಂಶ ಓದುವಾಗ ಹುಷಾರು. 2024ರ 12ನೇ ತರಗತಿಯಲ್ಲಿ ಸರ್ಕಾರಿ ಶಾಲೆಗಳ ನೂರಕ್ಕೆ ಸುಮಾರು 97 ಮಕ್ಕಳು ಪಾಸು. ಆದರೆ 2023-24ರಲ್ಲಿ 9ನೇ ತರಗತಿಯಲ್ಲೇ 1 ಲಕ್ಷಕ್ಕೂ ಹೆಚ್ಚು ಮಕ್ಕಳು ಫೇಲ್! 97 ಅನ್ನೋದು ಕೊನೆವರೆಗೆ ಉಳಿದವರ ಲೆಕ್ಕ, ಅಷ್ಟೇ.

ಉರ್ದು ಮಾಧ್ಯಮದ ಮಗುವಿಗೆ ಈ ದಾಟು ಇನ್ನೂ ಕಷ್ಟ. ಪಾಲಿಕೆ ಶಾಲೆಯಲ್ಲಿ ಉರ್ದುವಿನಲ್ಲಿ ಕಲಿತಿರುತ್ತೆ. ಹತ್ತಿರದ ಹೈಸ್ಕೂಲು ಹಿಂದಿ ಮಾಧ್ಯಮದ್ದಾದರೆ ಗಣಿತ, ವಿಜ್ಞಾನದ ಮಾತುಗಳನ್ನೆಲ್ಲ ಹೊಸದಾಗಿ ಕಲಿಯಬೇಕು. ಯಾರನ್ನು ಕೇಳೋದು? ಪಾಲಿಕೆಯ ಕೆಲಸ 5ಕ್ಕೇ ಮುಗಿಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ನಮ್ಮ ಎಸ್‌ಡಿಎಂಸಿ ಇದ್ದ ಹಾಗೆ. ದೆಹಲಿಯಲ್ಲಿ ನಿಮ್ಮ ನೆಂಟರಿದ್ದರೆ ಹೇಳಿ: ಮಗು 5ರಲ್ಲಿರುವಾಗಲೇ ಆ ಸಭೆಗೆ ಹೋಗಲಿ, 6ಕ್ಕೆ ಉರ್ದು ಮಾಧ್ಯಮ ಎಲ್ಲಿದೆ, ಟೀಚರ್ ಇದ್ದಾರಾ ಅಂತ ಬರೆದು ಕೊಟ್ಟೇ ಕೇಳಲಿ.