ವಿಮಾನ ಮುಂದೆ, ಸದ್ದು ಹಿಂದೆ: ಏರ್ ಶೋನಲ್ಲಿ ನಿಜಕ್ಕೂ ಆಗುವುದೇನು?

ಮಾಗೋಡು: ಮಿಂಚು ಹೊಡೆದ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡ್ ಬೇಕು. ಬೆಂಗಳೂರಿನ ಯಲಹಂಕದಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾದಲ್ಲಿ ಫೈಟರ್ ಜೆಟ್ ನೋಡಿ ಬಂದವರ ಗೊಂದಲಕ್ಕೂ ಇದೇ ಲೆಕ್ಕದಲ್ಲಿ ಉತ್ತರವಿದೆ.

ನೆಲಮಟ್ಟದಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,230 ಕಿ.ಮೀ. ಜೆಟ್ ಒಂದು 1,000 ಕಿ.ಮೀ. ವೇಗದಲ್ಲಿ ಹೊರಟರೆ ಮಾಗೋಡಿನಿಂದ ಯಲ್ಲಾಪುರಕ್ಕೆ ಹೆಚ್ಚುಕಡಿಮೆ ಒಂದೇ ನಿಮಿಷ. ಅದರ ಸದ್ದೂ ಮುಂದಕ್ಕೆ ಓಡುತ್ತದೆ, ಆದರೆ ವಿಮಾನಕ್ಕಿಂತ ಸ್ವಲ್ಪವೇ ಮುಂದೆ. ಹಾಗಾಗಿ ಸದ್ದಿಲ್ಲದೆ ಬಂದ ವಿಮಾನ ಕಣ್ಣೆದುರು ಹಾದ ಮೇಲೆ ಒಮ್ಮೆಲೇ ಎದೆ ನಡುಗಿಸುವ ಗರ್ಜನೆ. ಅದು ಎಂಜಿನ್ನಿನ ಸದ್ದು, ಸೋನಿಕ್ ಬೂಮ್ ಅಲ್ಲ.

ವಿಮಾನದ ಸುತ್ತ ಕೊಡೆಯಂತೆ ಬಿಳಿ ಮೋಡ ಕಟ್ಟಿದ ವಿಡಿಯೋ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. 'ಶಬ್ದದ ಗೋಡೆ ಒಡೆದ ಕ್ಷಣ' ಅಂತ ಕೆಳಗೆ ಬರೆದಿರುತ್ತಾರೆ. ಅದು ಬಹುಪಾಲು ತಪ್ಪು. ವೇಗವಾಗಿ ಹೋಗುವಾಗ ವಿಮಾನದ ಕೆಲವು ಭಾಗಗಳ ಸುತ್ತ ಗಾಳಿಯ ಒತ್ತಡ ಇಳಿದು, ಗಾಳಿ ತಣ್ಣಗಾಗಿ, ಅದರಲ್ಲಿರುವ ನೀರಾವಿ ಹನಿಗಟ್ಟುತ್ತದೆ ಅಷ್ಟೇ. ಶಬ್ದದ ವೇಗ ಮುಟ್ಟುವ ಮೊದಲೇ ಇದು ಆಗಬಹುದು. ಗಾಳಿಯಲ್ಲಿ ತೇವ ಇರಬೇಕು. ಸಮುದ್ರದ ಮೇಲೆ ತೆಗೆದ ಚಿತ್ರಗಳಲ್ಲೇ ಈ ಮೋಡ ಹೆಚ್ಚು ಕಾಣುವುದು ಅದಕ್ಕೇ.

ಹಾಗಾದರೆ ಜನರೆದುರು ಆ ವೇಗ ದಾಟಿ ತೋರಿಸುವುದಿಲ್ಲ ಏಕೆ? ದಾಟಿದರೆ ಸದ್ದು ಮುಂದೆ ಹೋಗಲಾರದೆ ಒಂದೇ ಅಲೆಯಾಗಿ ಒಟ್ಟುಗೂಡಿ ನೆಲಕ್ಕೆ ಬಡಿಯುತ್ತದೆ. ದಾಟಿದ ಕ್ಷಣ ಒಂದು ಸಲ ಬಡಿದು ಮುಗಿಯುವುದಲ್ಲ, ಆ ವೇಗದಲ್ಲಿ ಇರುವಷ್ಟು ಹೊತ್ತೂ ದಾರಿಯುದ್ದಕ್ಕೂ ಬಡಿಯುತ್ತಲೇ ಹೋಗುತ್ತದೆ. 2012ರ ಜುಲೈನಲ್ಲಿ ಬ್ರೆಜಿಲ್‌ನ ರಾಜಧಾನಿಯಲ್ಲಿ ಮಿರಾಜ್ 2000 ತೀರಾ ಕೆಳಗೆ, ಅತಿ ವೇಗದಲ್ಲಿ ಹಾರಿದಾಗ ಅಲ್ಲಿನ ಸುಪ್ರೀಂ ಕೋರ್ಟ್ ಕಟ್ಟಡದ ಗಾಜುಗಳು ಪುಡಿಯಾಗಿದ್ದವು.

ಇದರ ರುಚಿ ಬೆಂಗಳೂರಿಗೂ ಗೊತ್ತು. 2020ರ ಮೇ 20, ಲಾಕ್‌ಡೌನ್ ದಿನಗಳು. ಮಧ್ಯಾಹ್ನ ಢಂ ಎಂದ ಸದ್ದಿಗೆ ಕಿಟಕಿ ಅದುರಿ, ಭೂಕಂಪವೇ ಆಯಿತು ಅಂತ ಜನ ಗಾಬರಿಬಿದ್ದರು. ಭೂಕಂಪ ದಾಖಲಾಗಿಲ್ಲ ಎಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಅದು ವಾಯುಪಡೆಯ ಪರೀಕ್ಷಾ ಹಾರಾಟ ಎಂದು ಸಂಜೆ ರಕ್ಷಣಾ ಇಲಾಖೆ ತಿಳಿಸಿತು. ವಿಮಾನ ನಗರದಿಂದ ಸಾಕಷ್ಟು ಹೊರಗಿತ್ತು. 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುವಾಗ ಆ ಸದ್ದು ಕೇಳಿರಬಹುದು ಎಂಬುದು ಅದರ ವಿವರಣೆ. ಇಂಥ ಸದ್ದು 65ರಿಂದ 80 ಕಿ.ಮೀ. ದೂರಕ್ಕೂ ಕೇಳಬಹುದು ಎಂದೂ ಇಲಾಖೆ ಹೇಳಿತ್ತು. ಅಂದರೆ ಹುಬ್ಬಳ್ಳಿ ಕಡೆ ಹಾರಿದ್ದು ಯಲ್ಲಾಪುರದ ಕಿಟಕಿ ಅದುರಿಸಿದಂತೆ.