ಚರ್ಚಿಗೆ ಹಾಡು ಕಲಿಸಲು ಬರುವ ತಂಡಗಳು: ಅವರು ವಾಪಸ್ ಹೋದ ಮೇಲೆ ಏನು ಉಳೀತದ?

ಕಲಬುರಗಿ: ಶನಿವಾರ ಸಂಜೆ ಊರಿನ ಯಾವುದಾದರೂ ಚರ್ಚ್ ಮುಂದ ಹಾದು ಹೋಗುವಾಗ, ಒಳಗಿಂದ ಒಂದೇ ಸಾಲನ್ನು ಹತ್ತು ಸಲ ಹಾಡುವುದು ಕೇಳಿದರೆ ಗಾಬರಿ ಬೀಳಬ್ಯಾಡ್ರಿ. ಅದು ಪ್ರಾರ್ಥನೆ ಅಲ್ಲ, ತಾಲೀಮು. ಬೆಂಗಳೂರು, ಹೈದರಾಬಾದ್ ಕಡೆಯಿಂದ ಅಥವಾ ನಮ್ಮ ಜಿಲ್ಲೆಯ ದೊಡ್ಡ ಸಭೆಯಿಂದಲೇ ನಾಲ್ಕೈದು ಮಂದಿಯ ಸಂಗೀತ ಸೇವಾ ತಂಡ ಬಂದು, ಶನಿವಾರ ಕಾರ್ಯಾಗಾರ ನಡೆಸಿ, ಭಾನುವಾರ ಬೆಳಗ್ಗೆ ಆರಾಧನೆಯಲ್ಲಿ ಹಾಡಿ, ಊಟ ಮುಗಿಸಿ ಹೊರಡುವುದು ಈಗ ವಾಡಿಕೆ ಆಗ್ಯದ. 'ಮ್ಯೂಸಿಕ್ ಮಿನಿಸ್ಟ್ರಿ' ಅಂತ ಬ್ಯಾನರ್ ಮೇಲೆ ಬರೆದಿರುವುದು ಇದಕ್ಕೇ.

ನಗರದ ಚರ್ಚುಗಳಿಗೆ ಇದು ಹೊಸದಲ್ಲ. ಆದರೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ ಕಡೆ ಹೋದರೆ ಲೆಕ್ಕ ಬೇರೆ. ಕೆಂಪು ಬಾಳೆಗೆ ಹೆಸರಾದ ಆ ಭಾಗದ ಹಳ್ಳಿಗಳಲ್ಲಿ ಒಂದು ಸಭೆ ಅಂದ್ರ ಮೂವತ್ತು-ನಲವತ್ತು ಮಂದಿ, ತಗಡಿನ ಛಾವಣಿ, ಒಂದು ಢೋಲಕ್, ಬಹಳ ಆದರೆ ಒಂದು ಹಳೇ ಹಾರ್ಮೋನಿಯಂ. ಅಂಥಲ್ಲಿಗೆ ತಂಡ ಬಂದಾಗ ಏನು ಕಲಿಸಬೇಕು, ಸಭೆಯವರು ಏನು ಕೇಳಿ ಪಡೆಯಬೇಕು ಎಂಬುದು ಮುಖ್ಯ. ಯಾಕಂದ್ರ ಎರಡು ದಿನದ ಸಂಭ್ರಮ ಮುಗಿದು, ಮುಂದಿನ ಭಾನುವಾರ ಅದೇ ಮೂವತ್ತು ಮಂದಿ ಮೊದಲಿಗಿಂತ ಕಡಿಮೆ ಹಾಡಿದರೆ, ಬಂದವರಿಂದ ಲಾಭ ಆಗಲಿಲ್ಲ, ಲುಕ್ಸಾನ್ ಆಯಿತು ಅಂತಲೇ ಅರ್ಥ.

ಹಾಡಿನ ಮೇಲೇ ಕಟ್ಟಿದ ಸಭೆ

ಕಲಬುರಗಿ-ಬೀದರ್ ಭಾಗದಲ್ಲಿ ಮೆಥೋಡಿಸ್ಟ್ ಸಭೆಗಳ ಬೇರು ಆಳವಾಗಿದೆ. ಆ ಪಂಥ ಹುಟ್ಟಿದ್ದೇ ಹಾಡಿನ ಜೊತೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಅದನ್ನು ಶುರು ಮಾಡಿದ ಜಾನ್ ವೆಸ್ಲಿಯ ತಮ್ಮ ಚಾರ್ಲ್ಸ್ ವೆಸ್ಲಿ ಬರೆದ ಗೀತೆಗಳು 6,000ಕ್ಕೂ ಹೆಚ್ಚು. ಅಣ್ಣ ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗೆ ಏಳು ಸೂಚನೆ ಅಚ್ಚು ಹಾಕಿಸಿದ. ಅದರ ಸಾರ ಹೀಗದ: ಎಲ್ಲರೂ ಹಾಡಬೇಕು, ಅರ್ಧ ನಿದ್ದೆಯಲ್ಲಿ ಇದ್ದವರಂತೆ ಹಾಡಬಾರದು, ಹಂಗಂತ ಪಕ್ಕದವರ ದನಿ ಮುಚ್ಚಿಹೋಗುವಂತೆ ಕಿರುಚಲೂ ಬಾರದು, ಲಯ ಬಿಟ್ಟು ಮುಂದೆ ಓಡಬಾರದು, ಹಿಂದೆ ಎಳೆಯಲೂಬಾರದು. ಇವತ್ತು ಪ್ರೊಜೆಕ್ಟರ್ ಹಚ್ಚಿ ಮೂರು ತಾಸು ಹೇಳುವ ಪಾಠದ ತಿರುಳು ಇದಕ್ಕಿಂತ ಬೇರೆ ಇಲ್ಲ.

ಕ್ಯಾಥೊಲಿಕ್ ಚರ್ಚುಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಬಲಿಪೂಜೆ ಬಹುಕಾಲ ಲ್ಯಾಟಿನ್ ಭಾಷೆಯಲ್ಲೇ ಇತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದಸ್ತಾವೇಜು ಆಯಾ ನಾಡಿನ ಭಾಷೆಗೆ ದಾರಿ ತೆರೆಯಿತು. ಆಯಾ ಜನರ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕು ಅಂತಲೂ ಅದರಲ್ಲಿ ಸ್ಪಷ್ಟವಾಗಿ ಅದ. ಆಮೇಲೆ 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ ಕೇಂದ್ರ ಭಜನೆ, ಆರತಿಯಂಥ ನಮ್ಮ ರೀತಿಗಳನ್ನು ಪೂಜಾವಿಧಿಯೊಳಗೆ ತರುವ ಕೆಲಸ ಮಾಡಿತು. ಗುಲ್ಬರ್ಗಾ ಧರ್ಮಪ್ರಾಂತ್ಯ ಆಗಿದ್ದು 2005ರಲ್ಲಿ. ಅಂದ್ರ ಇಲ್ಲಿಯ ಕ್ಯಾಥೊಲಿಕರ ಕನ್ನಡ ಹಾಡಿನ ಪರಂಪರೆಗೆ ವಯಸ್ಸು ಇನ್ನೂ ಕಡಿಮೆ.

ಮಿಷನರಿಗಳು ಬರೀ ವಿಲಾಯತಿ ಟ್ಯೂನ್ ತಂದು ಹೇರಿದರು ಅನ್ನೋ ಮಾತಿದೆ. ಅರ್ಧ ಖರೆ. ಜರ್ಮನ್, ಇಂಗ್ಲಿಷ್ ಗೀತೆಗಳ ಅನುವಾದ ಭಾಳ ಆದವು. ಆದರೆ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1862ರಷ್ಟು ಹಿಂದೆಯೇ ಯೇಸುವಿನ ಚರಿತ್ರೆಯನ್ನು ದೇಸಿ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದ. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿ ಅಚ್ಚು ಹಾಕಿಸಿದ. 1894ರ ನಿಘಂಟಿನಿಂದ ಮಾತ್ರ ನಮಗೆ ಗೊತ್ತಿರುವ ಈ ಮನುಷ್ಯನಿಗೆ, ಕನ್ನಡದ ಮಾತು ಹಾಡಾಗಬೇಕಾದರೆ ಮೊದಲು ಕನ್ನಡದ ಲಯ ಗೊತ್ತಿರಬೇಕು ಎಂಬುದು ತಿಳಿದಿತ್ತು.

'ಬಲ' ಎಳೆದರೆ 'ಬಾಲ'

ಈ ಲಯದ ಮಾತು ಪಂಡಿತರಿಗಷ್ಟೇ ಅಂತ ಬಿಡಬ್ಯಾಡ್ರಿ. ಕಾರ್ಯಾಗಾರದಲ್ಲಿ ಕೈ ಹಾಕಲೇಬೇಕಾದ ವಿಷಯ ಇದು. ಇಂಗ್ಲಿಷಿನಲ್ಲಿ ಒತ್ತು ಮುಖ್ಯ. ಕನ್ನಡದಲ್ಲಿ ಹ್ರಸ್ವ-ದೀರ್ಘ ಮುಖ್ಯ. ಹ್ರಸ್ವ ಅಕ್ಷರವನ್ನು ಉದ್ದದ ಸ್ವರದ ಮೇಲೆ ಕೂಡಿಸಿ ಎಳೆದರೆ ಅರ್ಥವೇ ಕೆಡ್ತದ. 'ಬಲ' ಅನ್ನೋದು 'ಬಾಲ' ಆಗ್ತದ. 'ಮನ' ಹೋಗಿ 'ಮಾನ', 'ಪದ' ಹೋಗಿ 'ಪಾದ'. ದೇವರು ನನಗೆ ಬಲ ಕೊಟ್ಟ ಅಂತ ಹಾಡಬೇಕಾದವರು ಬಾಲ ಕೊಟ್ಟ ಅಂತ ಹಾಡಿದರೆ ಹಿಂದಿನ ಸಾಲಿನ ಹುಡುಗರು ನಗದೇ ಇರ್ತಾರಾ?

ಹೊಸ ಅನುವಾದದ ಹಾಡುಗಳಲ್ಲಿ ಈ ತೊಂದರೆ ಜಾಸ್ತಿ. ಹೊರಗಿನಿಂದ ಬಂದ ಕೀಬೋರ್ಡ್ ಕಲಾವಿದರಿಗೆ ಕನ್ನಡ ಬಾರದಿದ್ದರೆ ಇದು ಅವರ ಕಿವಿಗೆ ಬೀಳುವುದೇ ಇಲ್ಲ. ಪರಿಹಾರ ಸರಳ. ಹಾಡುವ ಮೊದಲು ಮಾತನ್ನು ಟ್ಯೂನ್ ಇಲ್ಲದೆ, ಚಪ್ಪಾಳೆ ಹಾಕುತ್ತ ಓದಬೇಕು. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಮಾತು ಬದಲಿಸಬೇಕು, ಇಲ್ಲವೇ ಸ್ವರ ಬದಲಿಸಬೇಕು.

ನಮ್ಮ ಭಾಗಕ್ಕೆ ಇನ್ನೊಂದು ವಿಶೇಷ ಅದ. 1948ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವರು. ನಮಗೆ ಮಂಗಳೂರಿಗಿಂತ ಹೈದರಾಬಾದ್, ಸೊಲ್ಲಾಪುರ ಹತ್ತಿರ. ಹೀಗಾಗಿ ಇಲ್ಲಿಯ ಸಭೆಗಳಲ್ಲಿ ಕನ್ನಡದ ಜೊತೆ ತೆಲುಗು, ಹಿಂದಿ, ಒಮ್ಮೊಮ್ಮೆ ಮರಾಠಿ ಹಾಡೂ ಕೇಳಿಸ್ತವ. ತೆಲುಗಿನಲ್ಲಿ ಪುರುಷೋತ್ತಮ ಚೌಧರಿ, ಮರಾಠಿಯಲ್ಲಿ ನಾರಾಯಣ ವಾಮನ ಟಿಳಕ, ತಂಜಾವೂರಿನ ಕಡೆ ವೇದನಾಯಗಂ ಶಾಸ್ತ್ರಿಯಾರ್, ಇವರೆಲ್ಲ 19ನೇ ಶತಮಾನದಲ್ಲಿ ಮತ್ತು 20ನೇ ಶತಮಾನದ ಆರಂಭದಲ್ಲಿ ಕ್ರೈಸ್ತ ಗೀತೆಗಳನ್ನು ಕೀರ್ತನೆ, ಅಭಂಗದ ದಾಟಿಗೆ ತಂದವರು. ಮುಂದೆ ಇಂಗ್ಲಿಷ್ ಮಿಷನರಿ ಎಚ್. ಎ. ಪೋಪ್ಲಿ ತಾನೇ ಕರ್ನಾಟಕ ಸಂಗೀತ ಕಲಿತು, 1921ರಲ್ಲಿ ಭಾರತೀಯ ಸಂಗೀತದ ಮೇಲೆ ಪುಸ್ತಕ ಬರೆದು, ಬೇಸಿಗೆ ಸಂಗೀತ ಶಾಲೆಯನ್ನೂ ನಡೆಸಿದ. ಇಂದಿನ ಕಾರ್ಯಾಗಾರಕ್ಕೆ ಅವನನ್ನು ಹಿರಿಯಜ್ಜ ಅನ್ನಬಹುದು.

ಕೀರ್ತನೆಯ ಗುಟ್ಟು ಇಷ್ಟೇ: ಒಬ್ಬರು ಹಾಡ್ತಾರ, ಉಳಿದವರು ಪಲ್ಲವಿ ತಿರುಗಿ ಹೇಳ್ತಾರ. ಪುಸ್ತಕ ಬೇಡ, ಪರದೆ ಬೇಡ. ಓದು ಬಾರದ ಮುದುಕಿಯೂ ಎರಡನೇ ಸಲಕ್ಕೆ ಸೇರಿಕೊಳ್ತಾಳ. ನಮ್ಮ ಕಡಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವುದೂ ಹಿಂಗೇ, ಬಂದೇನವಾಜ್ ದರ್ಗಾದ ಕವ್ವಾಲಿ ನಡೆಯುವುದೂ ಹಿಂಗೇ. ದನಿಗೆ ದನಿ ಕೊಡುವುದು ಈ ಮಣ್ಣಿನ ಮಂದಿಗೆ ಕಲಿಸಬೇಕಾದ ವಿದ್ಯೆ ಅಲ್ಲವೇ ಅಲ್ಲ. ಆದ್ದರಿಂದ ತಂಡ ಬಂದಾಗ ಮೊದಲ ತಾಸಿನಲ್ಲಿ ಹೊಸ ಹಾಡು ಕಲಿಸುವ ಬದಲು, ಸಭೆಯ ಹಿರಿಯರು ಯಾವ ಹಾಡು ಬಲ್ಲರು ಅಂತ ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದು. ಎಷ್ಟೋ ಹಳೇ ದಾಟಿ ಒಬ್ಬಿಬ್ಬರ ಬಾಯಲ್ಲಷ್ಟೇ ಉಳಿದಿರ್ತವ.

ಶ್ರುತಿ ಯಾರಿಗೆ ಹೊಂದಬೇಕು?

ಈಗಿನ ದೊಡ್ಡ ತೊಂದರೆ ಯೂಟ್ಯೂಬ್ ಹಾಡಿನ ಶ್ರುತಿ. ಹಾಡಿದವರು ಪಳಗಿದ ಗಾಯಕರು, ತಮ್ಮ ದನಿಗೆ ತಕ್ಕ ಎತ್ತರದಲ್ಲಿ ಹಾಡಿರ್ತಾರ. ಅದನ್ನೇ ಹಂಗೇ ಎತ್ತಿಕೊಂಡರೆ ಚರಣ ಬರುವಷ್ಟರಲ್ಲಿ ಸಭೆಯ ಅರ್ಧ ಬಾಯಿ ಮುಚ್ಚಿರ್ತದ. ಮಂದಿಗೆ ಭಕ್ತಿ ಕಡಿಮೆ ಆಗ್ಯದ ಅಂತ ಪಾಸ್ಟರ್ ಬೇಜಾರು ಮಾಡ್ಕೊಂಡರೆ ಉಪಯೋಗ ಇಲ್ಲ. ಭಕ್ತಿ ಅಲ್ಲ, ಶ್ರುತಿ ಮೇಲೆ ಹೋಗಿರೋದು.

ತಾಲೀಮು ಇಲ್ಲದ ಸಾಮಾನ್ಯ ದನಿ ಸಲೀಸಾಗಿ ಓಡಾಡುವುದು ಒಂದು ಸಪ್ತಕ, ಮೇಲೆ ಒಂದೆರಡು ಸ್ವರ, ಅಷ್ಟೇ. ಹೀಗಾಗಿ ಹಾಡಿನ 'ಸ' ಎಲ್ಲಿದೆ ಅಂತ ನೋಡುವ ಮೊದಲು, ಅದರ ಅತಿ ಎತ್ತರದ ಸ್ವರ ಯಾವುದು ಅಂತ ಹುಡುಕಬೇಕು. ಆ ಸ್ವರ ಕೀಬೋರ್ಡಿನ 'ಸಿ' ಅಥವಾ 'ಡಿ' ಹತ್ತಿರ ಬರುವಂತೆ ಇಳಿಸಿದರೆ ಹೆಣ್ಣುಮಕ್ಕಳಿಗೂ ಆಗ್ತದ, ಗಂಡಸರು ಒಂದು ಸಪ್ತಕ ಕೆಳಗೆ ಅದನ್ನೇ ಹಾಡ್ತಾರ. ಕೀಬೋರ್ಡಿನಲ್ಲಿ 'ಟ್ರಾನ್ಸ್‌ಪೋಸ್' ಗುಂಡಿ ಇರೋದು ಇದಕ್ಕೇ. ಹಾರ್ಮೋನಿಯಂ ನುಡಿಸುವವರು 'ಕಪ್ಪು ಒಂದು', 'ಬಿಳಿ ಎರಡು' ಅಂತ ಕರೆಯುವ ಪಟ್ಟಿಗಳ ಪೈಕಿ ತಮ್ಮ ಸಭೆಗೆ ಯಾವುದು ಹೊಂದುತ್ತದೆ ಅಂತ ಹಾಡಿನ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟರೆ ಸಾಕು. ತಂಡ ಬೇರೇನೂ ಮಾಡದೆ ಇದೊಂದು ಕೆಲಸ ಮುಗಿಸಿ ಹೋದರೂ ಬಂದದ್ದು ಸಾರ್ಥಕ ಅನ್ನಬೇಕು.

ಸ್ವರ ಓದುವ ವಿದ್ಯೆಗೆ ವಿಲಾಯತಿ ಐದು ಗೆರೆಯ ಲಿಪಿಯೇ ಬೇಕು ಅಂತಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಹರಡಿದ 'ಟಾನಿಕ್ ಸಾಲ್ಫಾ' ಪದ್ಧತಿಯಲ್ಲಿ ಡೊ-ರೆ-ಮಿ ಅಂತ ಬರೀತಾರ. ನಮ್ಮ ಸ-ರಿ-ಗ ಹಾಗೇ ಅದು ಎಲ್ಲಿ 'ಸ' ಇಟ್ಟರೆ ಅಲ್ಲಿಂದ ನಡೀತದ. ಶಾಲೆಯಲ್ಲಿ ಸರಿಗಮ ಕೇಳಿದ ಹುಡುಗನಿಗೆ ಒಂದು ಮಧ್ಯಾಹ್ನದಲ್ಲಿ ಗುರುತು ಹತ್ತಿಸಬಹುದು.

ಹಾರ್ಮೋನಿಯಂ ಬಗ್ಗೆ ಒಂದು ಮಾತು ಸೇರಿಸಬೇಕು. ಕೀಬೋರ್ಡ್ ಬಂದ ಮೇಲೆ ಅದನ್ನು ಮೂಲೆಗೆ ಹಾಕಿದ ಸಭೆಗಳು ಕಡಿಮೆ ಇಲ್ಲ. ಫ್ರಾನ್ಸಿನಿಂದ ಹೊರಟ ಈ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕಿ ನುಡಿಸುವಂತೆ ಮಾರ್ಪಡಿಸಿದ್ದು ಕೋಲ್ಕತ್ತಾದ ದ್ವಾರಕಾನಾಥ ಘೋಷ್, 1875ರ ಹೊತ್ತಿಗೆ. ಆಕಾಶವಾಣಿ 1940ರಿಂದ ಮೂವತ್ತು ವರ್ಷ ಇದಕ್ಕೆ ನಿಷೇಧ ಹಾಕಿತ್ತು. ಆದರೂ ಭಜನೆ ಮನೆ, ದರ್ಗಾ, ಚರ್ಚ್ ಯಾವುದೂ ಇದನ್ನು ಬಿಡಲಿಲ್ಲ. ಕರೆಂಟ್ ಹೋದರೂ ನಡೆಯುವ ವಾದ್ಯ ಇದು. ಕಮಲಾಪುರ ಕಡೆಯ ಹಳ್ಳಿಯಲ್ಲಿ ಇದಕ್ಕಿಂತ ದೊಡ್ಡ ಗುಣ ಯಾವುದು ಬೇಕು? ತಬಲಾ, ಢೋಲಕ್ಕಿಗೆ ಮಾತ್ರ ನಮ್ಮ ಹವಾ ಹೊಂದೂದಿಲ್ಲ. ಏಪ್ರಿಲ್-ಮೇ ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರ್ತದ, ಮಳೆಗಾಲಕ್ಕೆ ಸಡಿಲಾಗಿ ಇಳೀತದ. ಅದನ್ನು ಸರಿ ಮಾಡಿಕೊಳ್ಳುವುದನ್ನೂ ಕಾರ್ಯಾಗಾರದಲ್ಲಿ ತೋರಿಸಿದರೆ ಒಳ್ಳೆಯದು.

ಸೌಂಡ್ ಬಾಕ್ಸ್ ಮತ್ತು ಪಕ್ಕದ ಅಂಗಡಿ

ತಂಡದ ಜೊತೆ ದೊಡ್ಡ ಸ್ಪೀಕರ್ ಬರುವುದು ಮಾಮೂಲು. ತಗಡಿನ ಛಾವಣಿಯ ಕೆಳಗೆ ಅದು ಮದ್ದಿಗಿಂತ ರೋಗ. ದನಿ ತಗಡಿಗೆ ಬಡಿದು ವಾಪಸ್ ಬಂದು ಮಾತು ಗಿಜಿಗಿಜಿ ಆಗ್ತದ. ಮೈಕ್ ಸ್ಪೀಕರ್ ಮುಂದೆ ಬಂದರೆ 'ಕುಂಯ್' ಅನ್ನೋ ಚೀರು ಬೇರೆ. ಸ್ಪೀಕರ್ ಯಾವಾಗಲೂ ಮೈಕಿನ ಮುಂದೆ, ಮಂದಿಯ ಕಡೆ ಮುಖ ಮಾಡಿ ಇರಬೇಕು. ಸದ್ದು ಎಷ್ಟಿರಬೇಕು ಅಂದ್ರ, ಪಕ್ಕದಲ್ಲಿ ನಿಂತವರ ಹಾಡು ನನಗೆ ಕೇಳಿಸುವಷ್ಟು. ಪಕ್ಕದವರ ದನಿ ಕೇಳದಿದ್ದರೆ ಮನುಷ್ಯ ಹಾಡೋದು ಬಿಟ್ಟು ನೋಡೋಕೆ ನಿಲ್ತಾನ. ಆರಾಧನೆ ಅಲ್ಲಿಗೆ ಆರ್ಕೆಸ್ಟ್ರಾ ಆಯಿತು.

ಅಕ್ಕಪಕ್ಕದ ಅಂಗಡಿಯವರಿಗೂ, ಬಾಡಿಗೆಗೆ ಸೌಂಡ್ ಕೊಡುವವರಿಗೂ ಗೊತ್ತಿರಬೇಕಾದ ಕಾಯ್ದೆ ಮಾತು ಒಂದೆರಡು ಅವ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಹಚ್ಚುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ವ್ಯಾಪಾರ ಪ್ರದೇಶಕ್ಕೆ 65. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಮೌನ ವಲಯ. ಇದು ಗುಡಿ, ಮಸೀದಿ, ಚರ್ಚ್, ಮದುವೆ ಮಂಟಪ ಎಲ್ಲಕ್ಕೂ ಒಂದೇ. ಕಾರ್ಯಾಗಾರ ಇದ್ದ ದಿನ ಪಕ್ಕದ ಮನೆಗೆ, ಅಂಗಡಿಗೆ ಹೋಗಿ ಮೊದಲೇ ಒಂದು ಮಾತು ಹೇಳಿಬಂದರೆ ಜಗಳಕ್ಕೆ ಜಾಗವೇ ಇರೂದಿಲ್ಲ. ಚಾ ಅಂಗಡಿಯವರಿಗಂತೂ ಆ ದಿನ ಧಂದೆ ಚಲೋ.

ಇನ್ನೊಂದು, ಹಾಡಿನ ಹಕ್ಕು. ನಿಜವಾದ ಧಾರ್ಮಿಕ ವಿಧಿಯ ವೇಳೆ ಹಾಡು ಹಾಡಿದರೆ, ನುಡಿಸಿದರೆ ಅದು ಉಲ್ಲಂಘನೆ ಅಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಡ್ತದ. ಆದರೆ ಅದೇ ಹಾಡನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ, ಪುಸ್ತಕ ಮಾಡಿ ಮಾರಿದರೆ ಲೆಕ್ಕ ಬೇರೆ. ಬರೆದವರ, ರಾಗ ಹಾಕಿದವರ ಒಪ್ಪಿಗೆ ಬೇಕು. ಕಾರ್ಯಾಗಾರದಲ್ಲಿ ಸಭೆಯವರೇ ಕೂಡಿ ಹೊಸ ಹಾಡು ಕಟ್ಟಿದರೆ, ಯಾರು ಬರೆದರು, ಯಾರು ದಾಟಿ ಹಾಕಿದರು ಅಂತ ತಾರೀಖಿನ ಸಮೇತ ವಹಿಯಲ್ಲಿ ಬರೆದಿಡಬೇಕು. ಹಳ್ಳಿಯ ಹೆಣ್ಣುಮಗಳು ಕಟ್ಟಿದ ಪದ ನಾಳೆ ಬೇರೆಯವರ ಹೆಸರಲ್ಲಿ ಸುತ್ತಾಡುವುದು ಬೇಡ.

ತಂಡವನ್ನು ಕರೆಯುವ ಮೊದಲು ಖರ್ಚು ಯಾರದು, ಕಾಣಿಕೆ ಎಷ್ಟು, ಎಲ್ಲಿ ಉಳೀತಾರ ಎಂಬುದನ್ನು ಬಾಯಿ ಬಿಟ್ಟು ಕೇಳಬೇಕು. ಇದರಲ್ಲಿ ಸಂಕೋಚ ಬೇಡ. ಕಲಿಸುವವರಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇರಬೇಕು. ಹದಿನೈದು ಹಾಡು ಬೇಡ, ಮೂರು ಸಾಕು. ಅದರಲ್ಲಿ ಒಂದು ಸಭೆಯದೇ ಹಳೇ ಹಾಡು ಆಗಿರಲಿ. ತಂಡದವರೇ ಕೊನೆಯ ತನಕ ವೇದಿಕೆ ಮೇಲೆ ಇರುವ ಬದಲು, ಭಾನುವಾರದ ಕಡೇ ಹಾಡನ್ನು ಊರಿನ ಹುಡುಗ-ಹುಡುಗಿಯರೇ ನಡೆಸಬೇಕು, ಬಂದವರು ಮಂದಿಯ ನಡುವೆ ಕೂತು ಕೇಳಬೇಕು. ಎಲ್ಲಿ ತಪ್ಪಿತು ಅಂತ ಊಟದ ಹೊತ್ತಿಗೆ ಹೇಳಿದರೆ ಆಯಿತು.

ಒಂದು ತಿಂಗಳು ಬಿಟ್ಟು ಅದೇ ತಂಡದವರು ಒಂದು ಫೋನ್ ಮಾಡಿ, ಆ ಮೂರು ಹಾಡು ಇನ್ನೂ ಹಾಡ್ತೀರೇನು ಅಂತ ಕೇಳಿದರೆ ಉತ್ತರ ಸಿಗ್ತದ. ಕ್ರಿಸ್‌ಮಸ್ ಕ್ಯಾರಲ್ ತಾಲೀಮು ನವೆಂಬರ್ ಕೊನೆಗೇ ಶುರು ಮಾಡುವ ಸಭೆಗಳು ಅಕ್ಟೋಬರಿನಲ್ಲೇ ತಂಡ ಗೊತ್ತು ಮಾಡಿಕೊಳ್ಳುವುದು ಚಲೋ. ಡಿಸೆಂಬರಿನಲ್ಲಿ ಯಾರಿಗೂ ಬಿಡುವು ಇರೂದಿಲ್ಲ, ಸೌಂಡ್ ಬಾಡಿಗೆಯೂ ಏರಿರ್ತದ.