ಹಾಳೆ ಹೆಕ್ಕುವ ಕಾಲ

ದಕ್ಷಿಣ ಕನ್ನಡದ ವಿಟ್ಲದ ಕಡೆಯ ಒಂದು ಹಾಳೆ ತಟ್ಟೆ ಘಟಕದಲ್ಲಿ ಯಂತ್ರಗಳಿಗಿಂತ ಹೆಚ್ಚು ಹೊತ್ತು ನಾನು ನೋಡಿದ್ದು ಒಬ್ಬ ಹಿರಿಯ ಹೆಂಗಸಿನ ಕೈಗಳನ್ನು. ಒಣಗಿದ ಅಡಿಕೆ ಹಾಳೆಗಳ ರಾಶಿಯ ಪಕ್ಕ ಮಣೆ ಹಾಕಿ ಕೂತಿದ್ದ ಅವರನ್ನು ಅಲ್ಲಿ ಎಲ್ಲರೂ ಕರೆಯುವುದು ಅಕ್ಕ ಎಂದೇ. ಹಾಳೆ ಎತ್ತಿ, ಒಳಮೈ ಸವರಿ, ಗೆಣ್ಣಿನಿಂದ ಒಮ್ಮೆ ಬಡಿದು, ಎಡಕ್ಕೋ ಬಲಕ್ಕೋ ಎಸೆಯುತ್ತಾರೆ. ಎಡದ್ದು ಅಚ್ಚಿಗೆ, ಬಲದ್ದು ಹಟ್ಟಿಯ ದನಗಳಿಗೆ. "ಶಬ್ದ ಮೊದ್ದಾದರೆ ಒಳಗೆ ಪಸೆ ಉಂಟು ಅಂತ ಲೆಕ್ಕ. ಅದನ್ನು ರಾಶಿಗೆ ಸೇರಿಸಿದರೆ ಉಳಿದದ್ದಕ್ಕೂ ಬೂಸ್ಟು." ಅವರು ಬಲಕ್ಕೆ ಎಸೆದ ಒಂದು ಹಾಳೆಯನ್ನು ತಿರುಗಿಸಿ ನೋಡಿದೆ. ಬುಡದಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ. ಬಿದ್ದ ಮೇಲೆ ಒಂದು ಮಳೆ ಕಂಡದ್ದಂತೆ, ಹೆಕ್ಕಿದವರು ಒಂದು ದಿನ ತಡ ಮಾಡಿದ್ದರಂತೆ. ಇಷ್ಟನ್ನೂ ಆ ಚುಕ್ಕೆಯಿಂದಲೇ ಹೇಳಿದರು.

ಅಡಿಕೆ ಸೋಗೆಯ (ಗರಿಯ) ಬುಡದಲ್ಲಿ ಮರವನ್ನು ತಬ್ಬಿಕೊಂಡಿರುವ ಭಾಗವೇ ಹಾಳೆ. ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಮರ ಕಡಿಯಬೇಕಿಲ್ಲ, ಎಲೆ ಕೊಯ್ಯಬೇಕಿಲ್ಲ. ತಾನಾಗಿ ಬಿದ್ದದ್ದನ್ನು ಹೆಕ್ಕಿದರಾಯಿತು. ಆದರೆ ತಟ್ಟೆಗೆ ಒದಗುವಂಥದ್ದು ಸಿಗುವುದು ಬಿಸಿಲ ದಿನಗಳಲ್ಲಿ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ. ಆಗ ಕೂಡಿಟ್ಟದ್ದರಲ್ಲೇ ಮಳೆಗಾಲ ದಾಟಬೇಕು.

ಉಳಿದ ಕೆಲಸ ನೋಡಲು ಸರಳ. ನೀರಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ನೀರು ಬಸಿದು, ಕಾದ ಅಚ್ಚಿನ ನಡುವೆ ಒತ್ತುತ್ತಾರೆ. ಚುಂಯ್ ಎಂದು ಹಬೆ ಏಳುತ್ತದೆ, ಹಸಿ ನಾರು ಬೆಂದ ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿಗೆ ತಟ್ಟೆ ಗಟ್ಟಿಯಾಗಿ ಹೊರಬಂದಿರುತ್ತದೆ. ಅಂಟಿಲ್ಲ, ಬಣ್ಣವಿಲ್ಲ. ಉಂಡು ಬಿಸಾಡಿದರೆ ಗೊಬ್ಬರದ ಗುಂಡಿಯಲ್ಲಿ ಕೆಲವು ತಿಂಗಳಲ್ಲಿ ಮಣ್ಣು.

ಹಳೆಯ ಕಥೆಯನ್ನೂ ಅಕ್ಕನೇ ಹೇಳಿದರು. ಹಾಳೆಯಲ್ಲಿ ಮಲಗಿಸಿಯೇ ಎಳೆಮಗುವನ್ನು ಮೀಯಿಸುತ್ತಿದ್ದರು. ಬೆಳೆದ ಮೇಲೆ ಅದರಲ್ಲೇ ಕೂತು ಅಂಗಳವಿಡೀ ಎಳೆಸಿಕೊಳ್ಳುವ ಆಟ. ಗದ್ದೆಗಿಳಿದರೆ ತಲೆಗೆ ಹಾಳೆಯ ಮುಟ್ಟಾಳೆ, ಸೆಕೆಗೆ ಹಾಳೆಯ ಬೀಸಣಿಗೆ. ಮಲೆನಾಡಿನಲ್ಲಿ ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಕಟ್ಟುತ್ತಿದ್ದ ಹೊದಿಕೆಗೂ, ಅಂದರೆ ಕೊಟ್ಟೆಗೂ, ಹಾಳೆ ಬಳಕೆಯಾಗುತ್ತಿತ್ತು. ಈಗ ಆ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ. ನನಗೆ ತುಂಬ ನೋವು ಕೊಟ್ಟ ಸಂಗತಿ ಇದು: ಮರ ತಾನೇ ಉದುರಿಸಿದ ಹೊದಿಕೆ ಬುಡದಲ್ಲಿ ಬಿದ್ದಿರುವಾಗ ಅದೇ ಮರದ ತುದಿಗೆ ಪೇಟೆಯಿಂದ ತಂದ ಪ್ಲಾಸ್ಟಿಕ್.

ತಟ್ಟೆಯ ಮಟ್ಟಿಗೆ ಕಾನೂನು ಪ್ಲಾಸ್ಟಿಕ್ಕಿಗೆ ತಡೆ ಹಾಕಿದೆ. 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂತು. ಹಾಳೆ ತಟ್ಟೆಗೆ ಇವು ಅನುಕೂಲವೇ; ಅದು ಹೊರದೇಶಗಳಿಗೂ ಹೋಗುತ್ತಿತ್ತು. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಸಹಜ ಆಲ್ಕಲಾಯ್ಡ್‌ಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂದು ಆಕ್ಷೇಪಿಸಿತು. ಸಿಟ್ಟಾಗಿ ತಳ್ಳಿಹಾಕುವ ಮಾತಲ್ಲ ಅದು. ಬಿಸಿ ಸಾರು, ಹುಳಿ ಮಜ್ಜಿಗೆ, ಎಣ್ಣೆಯ ಪಲ್ಯ ಬಡಿಸಿದಾಗ ಎಷ್ಟು ಇಳಿಯುತ್ತದೆ, ಇಳಿಯುತ್ತದೆಯೇ ಎಂಬುದನ್ನು ಅಳೆದು ಜನರ ಮುಂದಿಡಬೇಕು. ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇದೆ, ವಿಟ್ಲದಲ್ಲಿಯೇ ಅದರ ಪ್ರಾದೇಶಿಕ ಕೇಂದ್ರವಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯಕ್ಕೆ ಈ ಪರೀಕ್ಷೆಯ ಖರ್ಚು ದೊಡ್ಡದಲ್ಲ. ಸಣ್ಣ ಘಟಕಗಳು ಮಾತ್ರ ಅದನ್ನು ತಾವೇ ಹೊರಲಾರವು.

ನಾನು ಹೋದಾಗ ಘಟಕದ ನಾಲ್ಕು ಅಚ್ಚುಗಳಲ್ಲಿ ಎರಡು ನಿಂತಿದ್ದವು. ಊರಿನ ಮದುವೆ, ದೇವಸ್ಥಾನದ ಬ್ರಹ್ಮಕಲಶಗಳ ಆರ್ಡರಿನಲ್ಲಿ ಉಳಿದೆರಡು ನಡೆಯುತ್ತಿದ್ದವು. ಅಲ್ಲಿಯೂ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆಯ ಪೈಪೋಟಿ. "ಮೇ ತನಕ ಹಾಳೆ ಬೀಳ್ತದೆ" ಎಂದರು ಅಕ್ಕ. "ಹೆಕ್ಕಿಸಬೇಕಾ ಬೇಡವಾ ಅಂತ ಧನಿಗಳು ಇನ್ನೂ ಹೇಳಲಿಲ್ಲ."